ಕ್ರಾನ್‌ಬರ್ನಿನಲ್ಲಿದ್ದ ನನ್ನ ಸವತಿ

ನನಗೆ ಸವತಿಯಾಗಿ ಬಂದವನು ಒಬ್ಬ ಗಂಡಸು. ಅದೂ ಸತ್ತು ಸಾವಿರದ ಮುನ್ನೂರು ವರ್ಷ ದಾಟಿದ ಗಂಡಸು. ಹೆಂಗಸಾಗಿದ್ದರೆ ಎದುರಿಗೆ ನಿಂತು ನಾಲ್ಕು ಮಾತು ಕೇಳಬಹುದಿತ್ತು. ಇವನು ಸಂತ. ಸಂತನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿಕೊಳ್ಳಲಿಲ್ಲ. ಏಳು ತಿಂಗಳು ಒಬ್ಬಳೇ ಉರಿದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾವು ಸಿಡ್ನಿಯ ಪ್ಯಾರಮಟ್ಟಾದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೆವು. ಮದುವೆಯಾಗಿ ಮೂರು ವರ್ಷ. ಇವರು, ಅಂದರೆ ನನ್ನ ಗಂಡ, ಸಾಫ್ಟ್‌ವೇರಿನವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲೇ ಯಾರೋ ಇವರನ್ನು ಹೆದರಿಸಿಟ್ಟಿರಬೇಕು. ಸಾರು ಹೇಗಿದೆ ಎಂದರೆ "ಹೂಂ". ನನ್ನ ಹೊಸ ಸೀರೆ ಹೇಗಿದೆ ಎಂದರೂ ಅದೇ "ಹೂಂ". ನಾನು ಕೆಮಿಸ್ಟ್ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಮಾತಾಡಿ ಬಂದು, ಮನೆಯಲ್ಲೂ ಇಬ್ಬರ ಪಾಲಿನ ಮಾತನ್ನು ನಾನೇ ಆಡುತ್ತಿದ್ದೆ. ಸ್ವಭಾವವೇ ಹಾಗೆ, ಏನು ಮಾಡುವುದು ಎಂದು ಸಮಾಧಾನ ಮಾಡಿಕೊಂಡಿದ್ದೆ.

ನನ್ನ ತವರಿನವರು ಇವರನ್ನು ಸನ್ಯಾಸಿ ಎಂದು ಕರೆಯುತ್ತಿದ್ದರು. ಅದಕ್ಕೆ ಕಾರಣ ನಮ್ಮ ಮದುವೆಯ ಕಾಶಿಯಾತ್ರೆ. ನಮ್ಮಲ್ಲಿ ಧಾರೆಗೆ ಮುಂಚೆ ವರ ಕೊಡೆ ಹಿಡಿದು, ಊರುಗೋಲು, ಬೀಸಣಿಗೆ ತೆಗೆದುಕೊಂಡು, ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡುವ ಶಾಸ್ತ್ರವಿದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ತಂದೆ ತೆಂಗಿನಕಾಯಿ ಹಿಡಿದು ಅಡ್ಡ ಬಂದು, ನನ್ನ ಮಗಳನ್ನು ಕೊಡುತ್ತೇನೆ, ಹೋಗಬೇಡಿ, ಬನ್ನಿ ಎಂದು ಕರೆದು, ಕೊಡೆ ಇಸಿದುಕೊಂಡು ಒಳಗೆ ಕರೆತರಬೇಕು. ತುಮಕೂರಿನ ಛತ್ರದಲ್ಲಿ ಅವತ್ತು ತೆಂಗಿನಕಾಯಿ ಇಟ್ಟ ತಟ್ಟೆ ಎಲ್ಲೋ ಸೇರಿಹೋಗಿತ್ತು. ಅಪ್ಪ ಅದನ್ನು ಹುಡುಕುತ್ತಾ ಉಗ್ರಾಣದಲ್ಲಿದ್ದರು. ಇವರು ಛತ್ರದ ಗೇಟು ದಾಟಿದರು, ರಸ್ತೆಗಿಳಿದರು. ವಾಲಗದವರು ಊದುವುದನ್ನು ಬಿಟ್ಟು ನಿಂತರೂ ಇವರು ನಿಲ್ಲಲಿಲ್ಲ. ಕೊನೆಗೆ ನನ್ನ ಚಿಕ್ಕಪ್ಪನ ಮಗ ಸ್ಕೂಟರಿನಲ್ಲಿ ಹೋಗಿ, ಸರ್ಕಲ್ಲಿನ ಪೆಟ್ರೋಲ್ ಬಂಕಿನ ಹತ್ತಿರ ಸಿಕ್ಕ ಮದುಮಗನನ್ನು ಹಿಂದೆ ಕೂರಿಸಿಕೊಂಡು ಬಂದ. ಛತ್ರಕ್ಕೆ ಛತ್ರವೇ ನಕ್ಕಿತು. "ನಿಜವಾಗ್ಲೂ ಹೊರಟೇಬಿಟ್ಟಿದ್ರಲ್ಲಪ್ಪ ಅಳಿಯಂದ್ರು!" ನಾನೂ ನಕ್ಕೆ. ಆದರೆ ಈ ಮನುಷ್ಯನಿಗೆ ಹೋಗುವ ಮನಸ್ಸು ನಿಜವಾಗಿಯೂ ಇತ್ತೇನೋ ಎಂಬ ಮುಳ್ಳು ಅವತ್ತೇ ಚುಚ್ಚಿಕೊಂಡಿತು.

ಸಿಡ್ನಿಯ ಕಾಂಟ್ರಾಕ್ಟ್ ಮುಗಿದಾಗ ಇವರಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಡಾಂಡೆನಾಂಗ್ ಕಡೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ಕೆಲಸ, ಮೂರು ತಿಂಗಳು. ಸಿಡ್ನಿಯ ಹೊರವಲಯದ ಕೆಲ್ಲಿವಿಲ್‌ನಲ್ಲಿ ಆಗಿನ್ನೂ ಸಾಲುಸಾಲು ಮನೆಗಳ ಮರದ ಚೌಕಟ್ಟುಗಳು ಏಳುತ್ತಿದ್ದವು. ಅಲ್ಲಿ ಒಂದು ಮನೆ ಮಾಡಬೇಕೆಂಬುದು ನನ್ನ ಆಸೆ. ಹೋಗಿ ಬನ್ನಿ, ಮೂರೇ ತಿಂಗಳು ಎಂದು ನಾನೇ ಕಳಿಸಿದೆ. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬರುವುದು, ಭಾನುವಾರ ಹೋಗುವುದು ಎಂದು ಮಾತಾಯಿತು.

ಇವರು ಉಳಿದುಕೊಂಡದ್ದು ಕ್ರಾನ್‌ಬರ್ನ್ ಎಂಬ ಸಬರ್ಬಿನಲ್ಲಿ, ಒಬ್ಬ ಆಂಟಿಯ ಮನೆಯ ಹಿಂದಿನ ರೂಮಿನಲ್ಲಿ. ಆಂಟಿಗೆ ಎಪ್ಪತ್ತು ದಾಟಿತ್ತು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದರೂ ಆಂಟಿಯೇ. ಹಾಸನದ ಕಡೆಯ ಹಳ್ಳಿಯ ಕ್ಯಾಥೋಲಿಕ್ ಹೆಂಗಸು, ಗಂಡ ಇಲ್ಲ, ನರ್ಸ್ ಆಗಿದ್ದ ಮಗಳ ಜೊತೆ ಬಂದು ಸೇರಿದ್ದರು. ಮಗಳಿಗೆ ಸಂಜೆ ಶಿಫ್ಟ್. ಹಾಗಾಗಿ ಸಂಜೆಗಳಲ್ಲಿ ಆ ಮನೆಯಲ್ಲಿ ಇರುತ್ತಿದ್ದದ್ದು ಇವರಿಬ್ಬರೇ.

ಆಂಟಿಯ ಗಂಡನಿಗೆ ಜ್ಞಾನಸ್ನಾನ ಮಾಡಿಸಿದವರು ಹಿಂದಿನ ಕಾಲದ ಒಬ್ಬ ಫ್ರೆಂಚ್ ಪಾದ್ರಿಯಂತೆ. ಅವರು ತಮ್ಮ ಸ್ವಂತ ಊರಿನ ಸಂತನ ಹೆಸರನ್ನೇ ಹಳ್ಳಿಯ ಕೂಸಿಗೆ ಇಟ್ಟುಬಿಟ್ಟರು. ಆ ಹೆಸರು ಹಳ್ಳಿಯಲ್ಲಿ ಒಬ್ಬರ ನಾಲಗೆಗೂ ಹೊರಳಲಿಲ್ಲ. ಆ ಸಂತ ಯಾರು, ಏನು ಮಾಡಿದ ಎಂದು ಆಂಟಿಗೆ ಜೀವಮಾನವೆಲ್ಲ ಗೊತ್ತಿರಲಿಲ್ಲ. ಮೆಲ್ಬರ್ನಿಗೆ ಬಂದ ಮೇಲೆ ಮಗಳಿಗೆ ಯಾವುದೋ ಚರ್ಚಿನ ಹಳೆಯ ಪುಸ್ತಕಗಳ ಮೇಜಿನ ಮೇಲೆ ಅವನ ಜೀವನದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಆಂಟಿಗೆ ಇಂಗ್ಲಿಷ್ ಓದಲು ಬಾರದು. ಮಗಳಿಗೆ ಪುರುಸೊತ್ತಿಲ್ಲ. ಆಗ ಓದಿ ಹೇಳಲು ಸಿಕ್ಕವರು ಇವರು.

ಮೊದಲ ಕೆಲವು ದಿನ ಫೋನಿನಲ್ಲಿ ಎಂದಿನ "ಹೂಂ"ಗಳೇ ಇದ್ದವು. ಮೂರನೆಯ ವಾರ ಒಂದು ಸಂಜೆ ಫೋನೆತ್ತಿದರೆ ಇವರೇ ಮೊದಲು ಮಾತಾಡಿದರು.

"ಇವತ್ತು ಏನಾಯ್ತು ಗೊತ್ತಾ? ರಾಜಂಗೆ ಸಿಟ್ಟು ಬಂದುಬಿಡ್ತು ಕಣೇ."

"ಯಾವ ರಾಜ? ನಿಮ್ಮ ಮ್ಯಾನೇಜರಾ?"

"ಅಯ್ಯೋ, ಫ್ರಾಂಕರ ರಾಜ!"

ಆಮೇಲೆ ಇಪ್ಪತ್ತು ನಿಮಿಷ ನಿಲ್ಲಿಸದೆ ಹೇಳಿದರು. ಈಗಿನ ಫ್ರಾನ್ಸ್ ಇರುವ ಕಡೆ ಆಗ ಫ್ರಾಂಕರೆಂಬ ಜನ ಆಳುತ್ತಿದ್ದರಂತೆ. ಆಂಟಿಯ ಆ ಸಂತ ಅವರಲ್ಲಿ ದೊಡ್ಡ ಮನೆತನದವನು, ಅರಮನೆಯಲ್ಲಿ ದೊಡ್ಡ ಅಧಿಕಾರಿ. ಅಪ್ಪ ಅಮ್ಮನ ಮಾತಿಗೆ ಮದುವೆಯಾದ. ಆದರೆ ಮನಸ್ಸೆಲ್ಲ ಸನ್ಯಾಸದ ಮೇಲೆ. ಕೊನೆಗೆ ರಾಜನ ಅಪ್ಪಣೆಯನ್ನೂ ಕೇಳದೆ ತಲೆಗೂದಲು ತೆಗೆಸಿಕೊಂಡು ಮಠ ಸೇರಿದ. ರಾಜ ಕೋಪದಿಂದ ಕರೆಸಿದ. ಇವನು ಅರಮನೆಯ ಬಾಗಿಲಿಗೆ ಬರುವಾಗ ಅಲ್ಲೊಬ್ಬ ಬಡವನ ಗಾಡಿ ಕೆಸರಿನಲ್ಲಿ ಮಗುಚಿಕೊಂಡಿತ್ತು. ಹೋಗಿಬರುವವರೆಲ್ಲ ಬೈದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಇವನು ಗಾಡಿಗೆ ಹೆಗಲು ಕೊಟ್ಟು ಎತ್ತಿದ, ಮೈಯೆಲ್ಲ ಕೆಸರು ಮಾಡಿಕೊಂಡು ಹಾಗೆಯೇ ಆಸ್ಥಾನದಲ್ಲಿ ಹೋಗಿ ನಿಂತ. ರಾಜ ನೋಡಿದ, ಸುಮ್ಮನಾದ, ಹೋಗಲು ಬಿಟ್ಟ.

ನಾನು ಒಲೆಯ ಮೇಲೆ ಹಾಲಿಟ್ಟಿದ್ದನ್ನು ಮರೆತು ಕೇಳಿದೆ. ಹಾಲು ಉಕ್ಕಿ ಚೆಲ್ಲಿತು. ಫೋನಿಟ್ಟ ಮೇಲೆ ಒರೆಸುತ್ತಾ ಯೋಚಿಸಿದಾಗ ಮೈ ಉರಿಯಿತು. ಹಾಗಾದರೆ ಈ ಮನುಷ್ಯನಿಗೆ ಮಾತು ಬರುತ್ತದೆ! ಮೂರು ವರ್ಷ ನನ್ನ ಎದುರು ಬೀಗ ಹಾಕಿಟ್ಟ ಬಾಯನ್ನು ಯಾವಳೋ ಮುದುಕಿಯ ಅಡುಗೆಮನೆಯಲ್ಲಿ, ಯಾವನೋ ಸತ್ತವನಿಗಾಗಿ ತೆರೆದಿದ್ದಾರೆ.

ಅಂದಿನಿಂದ ಪ್ರತಿ ಫೋನೂ ಸಂತನದೇ. ಚಳಿಗಾಲದಲ್ಲಿ ಕೊರೆಯುವ ನೀರಿನಲ್ಲಿ ನಿಂತು ಪ್ರಾರ್ಥನೆ ಹೇಳುತ್ತಿದ್ದನಂತೆ. ನದಿಯ ಪಕ್ಕದ ಕಾಡಿನಲ್ಲಿ ಮಠ ಕಟ್ಟಿದನಂತೆ. ನನಗೆ ಜ್ವರ ಬಂದ ವಾರ ಜ್ವರ ಹೇಗಿದೆ ಎಂದು ಒಂದು ಮಾತು, ಸಂತನಿಗೆ ಅಡ್ಡ ಬಂದ ಕಷ್ಟಗಳ ಬಗ್ಗೆ ಇಪ್ಪತ್ತು ಮಾತು. ಮೂರು ತಿಂಗಳಾಗುವಾಗ ಇವರು ಕೇಳಿದರು.

"ಇನ್ನೂ ಮೂರು ತಿಂಗಳು ಎಕ್ಸ್‌ಟೆಂಡ್ ಮಾಡ್ತೀವಿ ಅಂತಿದಾರೆ. ಏನ್ ಹೇಳ್ಲಿ?"

"ನಿಮ್ಮಿಷ್ಟ."

"ನಿಂಗೆ ಓಕೆ ತಾನೆ?"

"ನಂದೇನಿದೆ? ನಿಮ್ಮಿಷ್ಟ ಅಂದ್ನಲ್ಲ."

"ಸರಿ" ಎಂದರು. ಹೆಂಡತಿಯ ಬಾಯಲ್ಲಿ ನಿಮ್ಮಿಷ್ಟ ಎಂದರೆ ಏನರ್ಥ ಎಂದು ಕನ್ನಡ ಬಲ್ಲ ಗಂಡಂದಿರಿಗೆಲ್ಲ ಗೊತ್ತು. ನನಗೆ ಸಿಕ್ಕವರಿಗೆ ಮಾತ್ರ ಗೊತ್ತಿರಲಿಲ್ಲ. ಆರನೆಯ ತಿಂಗಳಲ್ಲಿ ಮತ್ತೊಮ್ಮೆ ಕೇಳಿದರು, ಇನ್ನೆರಡು ತಿಂಗಳು ಎಂದು. ನಾನು ಮತ್ತೆ ನಿಮ್ಮಿಷ್ಟ ಎಂದೆ. ಅಷ್ಟು ಕೇಳಿದರೂ ನನಗೇನು ಬೇಕೆಂದು ತಿಳಿಯದವರಿಗೆ ನಾನೇಕೆ ಬಾಯಿಬಿಟ್ಟು ಹೇಳಲಿ ಎಂಬ ಹಟ.

ಅಷ್ಟರಲ್ಲಿ ಲಕ್ಷಣಗಳೂ ಕಾಣಿಸತೊಡಗಿದವು. ಮನೆಗೆ ಬಂದಾಗ ಕಾಫಿ ಕೊಟ್ಟರೆ ಬೇಡ ಎಂದರು. ಆಂಟಿಗೆ ಅದು ತಪಸ್ಸಿನ ಕಾಲವಂತೆ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ. ಆಂಟಿ ಕಾಫಿ ಬಿಟ್ಟಿದ್ದಾರೆ, ಜೊತೆಗೆ ನಾನೂ ಬಿಟ್ಟೆ ಎಂದರು. ಫಿಲ್ಟರ್ ಕಾಫಿಗಾಗಿ ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದ ಮನುಷ್ಯ! ಮಂಚ ಬಿಟ್ಟು ಚಾಪೆ ಹಾಸಿಕೊಂಡು ಮಲಗಿದರು. ಕೇಳಿದರೆ ಬೆನ್ನುನೋವು ಎಂದರು. ನಾನು ನಂಬಲಿಲ್ಲ. ಗೇಟು ದಾಟಿಹೋದವರನ್ನು ಒಮ್ಮೆ ಕಂಡವಳು ನಾನು.

ಏಳನೆಯ ತಿಂಗಳಲ್ಲಿ ನಮ್ಮ ಮದುವೆಯ ದಿನ ಬಂತು. ಶುಕ್ರವಾರ. ನಾನು ರಜೆ ಹಾಕಿ ಒಬ್ಬಟ್ಟು ಮಾಡಿದೆ, ಧಾರೆಯ ಸೀರೆ ಉಟ್ಟು ಕೂತೆ. ಸಂಜೆ ಫೋನು ಬಂತು, ಫ್ಲೈಟ್ ಮಿಸ್ ಆಯಿತು, ಬೆಳಿಗ್ಗೆ ಬರುತ್ತೇನೆ ಎಂದು. ಬೆಳಿಗ್ಗೆ ಬಾಗಿಲು ತೆರೆದರೆ ಇವರ ಪ್ಯಾಂಟು ಮಂಡಿಯವರೆಗೆ ಕೆಸರು. ಒಣಗಿ ಪುಡಿಪುಡಿಯಾಗಿ ನನ್ನ ಕಾರ್ಪೆಟ್ಟಿನ ಮೇಲೆ ಉದುರುತ್ತಿತ್ತು.

"ಆಂಟಿ ಮನೆ ಹತ್ರ ಹೊಸ ರೋಡ್ ಮಾಡ್ತಿದಾರಲ್ಲ, ಅಲ್ಲೊಂದು ಯೂಟ್ ಹೂತ್ಕೊಂಡಿತ್ತು," ಎಂದು ನಗುತ್ತಾ ಹೇಳಿದರು. ಯೂಟ್ ಎಂದರೆ ಅಲ್ಲಿಯ ಕೂಲಿ ಕೆಲಸದವರು ಸಾಮಾನು ಹೇರಿಕೊಂಡು ಓಡಾಡುವ ಗಾಡಿ. "ಎಲ್ರೂ ನೋಡ್ಕೊಂಡು ಹೋಗ್ತಿದ್ರು ಕಣೇ. ನಾನು ತಳ್ಳಿದೆ. ಒಂದ್ ಗಂಟೆ ಹಿಡೀತು, ಅಷ್ಟ್ರಲ್ಲಿ ಫ್ಲೈಟ್ ಹೋಗಿತ್ತು. ರಾತ್ರಿಯೆಲ್ಲ ಏರ್‌ಪೋರ್ಟಲ್ಲೇ ಕೂತಿದ್ದೆ."

ಆ ನಗು ನನಗೆ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೆ. ನಿಮ್ಮ ಸಂತನಿಗಾದರೂ ರಾಜನ ಆಸ್ಥಾನ ಕಾಯುತ್ತಿತ್ತು, ನಿಮಗಾಗಿ ಕಾಯುತ್ತಿದ್ದವಳು ಬರೀ ಹೆಂಡತಿ ಅಲ್ಲವೇ ಎಂದೆ. ಇವರ ನಗು ಆರಿಹೋಯಿತು. ಎಂದಿನ "ಹೂಂ" ವಾಪಸು ಬಂತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಭಾನುವಾರ ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತು, "ಈ ಸಲ ಪರ್ಮನೆಂಟ್ ಮಾಡ್ತೀವಿ ಅಂತಿದಾರೆ. ನಾಳೆ ಬಿಟ್ಟು ಮುಂದಿನ ಸೋಮವಾರ ಹೇಳ್ಬೇಕು," ಎಂದರು. ನಾನು ಕಾರ್ಪೆಟ್ ಉಜ್ಜುತ್ತಿದ್ದೆ. ತಲೆಯೆತ್ತಲಿಲ್ಲ.

ಪರ್ಮನೆಂಟ್ ಎಂಬ ಮಾತನ್ನು ನಾಲ್ಕು ದಿನ ಹೊತ್ತುಕೊಂಡೇ ಅಂಗಡಿಗೆ ಹೋಗಿ ಬಂದೆ. ಶುಕ್ರವಾರ ಯಾರಿಗೂ ಹೇಳದೆ ಮೆಲ್ಬರ್ನಿನ ವಿಮಾನ ಹತ್ತಿದೆ. ನನ್ನ ಗಂಡನನ್ನು ಕಿತ್ತುಕೊಂಡವರ ಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಕ್ರಾನ್‌ಬರ್ನಿನ ಮನೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಬಾಗಿಲು ತೆರೆದ ಆಂಟಿ ಕುಳ್ಳಗೆ, ಹತ್ತಿಯ ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡಿದ್ದರು. ನಾನು ಯಾರೆಂದು ಹೇಳುವ ಮುಂಚೆಯೇ ಕೈ ಹಿಡಿದು ಒಳಗೆಳೆದುಕೊಂಡರು. "ಬಾರವ್ವ ಬಾ. ನೀನೇ ಅಂತ ಗೊತ್ತಾಯ್ತು. ನಿನ್ ಸುದ್ದೀನೇ ಹೇಳ್ತಿರ್ತಾನೆ ನಿನ್ ಗಂಡ."

ಸುಳ್ಳು ಎಂದುಕೊಂಡೆ. ಜಗಳ ಆಡಲು ಬಂದವಳಿಗೆ ಅವರು ಬಿಸಿಬಿಸಿ ಮುದ್ದೆ, ಉಪ್ಸಾರು ಬಡಿಸಿದರು. ಅಡುಗೆಮನೆಯ ಸಣ್ಣ ಮೇಜಿನ ಮೇಲೆ ಆ ಪುಸ್ತಕವಿತ್ತು. ತೆಳ್ಳಗಿತ್ತು. ಇಷ್ಟು ತೆಳ್ಳನೆಯ ಪುಸ್ತಕವನ್ನು ಏಳು ತಿಂಗಳು ಓದಿದರೇ? ಕೇಳಿದೆ.

"ಯಾವಾಗ್ಲೋ ಮುಗೀತು ಕಣವ್ವ. ಮುಗಿದ್ ಮೇಲೆ ಮತ್ತೆ ಮೊದ್ಲಿಂದ. ನಂಗೂ ಕೇಳ್ಬೇಕು, ಅವ್ನಿಗೂ ಹೇಳ್ಬೇಕು."

"ನಿಮ್ಮ ಯಜಮಾನರೂ ಸಂತನ ಹಾಗೇ ಇದ್ದರಾ ಆಂಟಿ?" ಎಂದು ವ್ಯಂಗ್ಯವಾಗಿಯೇ ಕೇಳಿದೆ.

ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹೆಸರು ಒಂದೇ ಸಂತಂದು. ದಿನಾ ಹೆಂಡದಂಗಡೀಲಿ ಬಿದ್ದಿರೋನು. ನಾನು ಹೋಗಿ ಬಾಗ್ಲಲ್ಲಿ ನಿಂತು, ಬಾರಯ್ಯ ಮನೇಗೆ ಅಂತ ಕೂಗೋಳು. ಊರೋರೆಲ್ಲ ನಗೋರು. ನಕ್ಕರೆ ನಗ್ಲಿ ಅಂತ ಕೂಗೋಳು. ಕೂಗಿದ್ ದಿನ ಬಂದೇ ಬರೋನು. ನಾನು ನಾಚ್ಕೆ ಆಗಿ ಕೂಗದೆ ವಾಪಸ್ ಬಂದ್ನಲ್ಲ, ಅವತ್ತು ಮಾತ್ರ ಅಲ್ಲೇ ಬಿದ್ದಿರೋನು."

ನನಗೆ ಆಗ ಆ ಮಾತು ತಲೆಗೆ ಹೋಗಲಿಲ್ಲ. ನನ್ನ ಕಣ್ಣು ಆ ಪುಸ್ತಕದ ಮೇಲೆಯೇ ಇತ್ತು.

ಆರು ಗಂಟೆಗೆ ಇವರು ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಬ್ಯಾಗನ್ನು ಕೆಳಗಿಡುವುದನ್ನೂ ಮರೆತಿದ್ದರು. ಆಂಟಿಯೇ ಮಾತಾಡಿದರು. "ಇವತ್ತು ನಿನ್ ಹೆಂಡ್ತಿ ಬಂದವ್ಳೆ. ಮೊದ್ಲಿಂದ ಹೇಳಪ್ಪ." ಊಟವಾದ ಮೇಲೆ ಇವರು ಪುಸ್ತಕ ತೆರೆದರು. ಇಂಗ್ಲಿಷ್ ಸಾಲು ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದರು. ರಾಜ ಬಂದಾಗ ದನಿ ಗಡಸಾಗುತ್ತಿತ್ತು, ಗಾಡಿಯವನು ಬಂದಾಗ ಮೆತ್ತಗಾಗುತ್ತಿತ್ತು. ಕೈಯಾಡಿಸುತ್ತಿದ್ದರು, ಆಂಟಿ ಅತ್ತಾಗ ನಿಲ್ಲಿಸಿ ಕಾಯುತ್ತಿದ್ದರು. ಇಂಥ ಗಂಡನನ್ನು ನಾನು ನೋಡಿಯೇ ಇರಲಿಲ್ಲ. ಆ ಅಡುಗೆಮನೆ, ಆ ಮೇಜು, ಆಂಟಿಯ ಆ ಹಳೆಯ ಸ್ವೆಟರ್, ಎಲ್ಲದರ ಮೇಲೂ ನನಗೆ ಹೊಟ್ಟೆ ಉರಿಯಿತು. ಇವೆಲ್ಲ ಏಳು ತಿಂಗಳು ಈ ದನಿಯನ್ನು ಕೇಳಿದ್ದವು.

ಸಂತ ಹೆಂಡತಿಯನ್ನು ಬಿಟ್ಟು ಹೋಗುವ ಜಾಗ ಬಂದಾಗ ಇವರ ಮಾತು ನಿಧಾನವಾಯಿತು. ಪುಸ್ತಕದಿಂದ ಕಣ್ಣೆತ್ತದೆ ಹೇಳಿದರು. "ಅವಳೂ ಒಪ್ಕೊಂಡ್ಲು. ಅವಳೊಂದು ಮಠಕ್ಕೆ, ಅವನೊಂದು ಮಠಕ್ಕೆ ಹೋದ್ರು."

"ಅವ್ಳೂ ಪುಣ್ಯವಂತೆ," ಎಂದು ಆಂಟಿ ಶಿಲುಬೆಯ ಗುರುತು ಹಾಕಿಕೊಂಡರು.

"ಅಷ್ಟೇನಾ?" ಎಂದೆ ನಾನು. "ಅವಳ ಬಗ್ಗೆ ಅಷ್ಟೇನಾ ಬರೆದಿರೋದು?"

"ಅಷ್ಟೇ. ಒಂದೇ ಲೈನು."

ಅಲ್ಲಿಯವರೆಗೆ ತಡೆದುಕೊಂಡಿದ್ದೆ. "ಒಪ್ಕೊಂಡ್ಲು ಅಂತ ಪುಸ್ತಕ ಬರೆದವರಿಗೆ ಯಾರು ಹೇಳಿದ್ದು? ಅವಳೇನು ಬಂದು ಬರೆಸಿದ್ಲಾ? 'ಹೋಗ್ಲಾ' ಅಂತ ಅವನು ಕೇಳಿರ್ತಾನೆ, 'ನಿಮ್ಮಿಷ್ಟ' ಅಂತ ಅವಳು ಅಂದಿರ್ತಾಳೆ. ಅಷ್ಟನ್ನೇ ಹಿಡ್ಕೊಂಡು ಹೊರಟುಬಿಟ್ಟಿದಾನೆ ನಿಮ್ಮ ಸಂತ!"

ಇವರು ನನ್ನನ್ನೇ ನೋಡುತ್ತಿದ್ದರು. ಆಂಟಿ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿ, ಪುಸ್ತಕ ತೆಗೆದು ಸೀರೆಯ ಮಡಿಲಲ್ಲಿಟ್ಟುಕೊಂಡರು. ನಾನು ಎದ್ದು ಆಂಟಿಯ ಮಗಳ ಕೋಣೆಗೆ ಹೋಗಿ ಮಲಗಿಬಿಟ್ಟೆ.

ಬೆಳಿಗ್ಗೆ ನನ್ನನ್ನು ಸ್ಟೇಷನ್ನಿಗೆ ಬಿಡಲು ಇವರು ಬಂದರು. ಜಿಟಿಜಿಟಿ ಮಳೆ. ಒಂದೇ ಕೊಡೆ. ಇವರಿಗೆ ಯಾವಾಗಲೂ ಹತ್ತು ಹೆಜ್ಜೆ ಮುಂದೆ ನಡೆಯುವ ಅಭ್ಯಾಸ. ಮನೆಯಿಂದ ಹೊರಟಾಗ ಕೊಡೆಯನ್ನು ನನಗೆ ಕೊಡಲು ಬಂದರು, ನಾನು ಸಿಟ್ಟಿನಲ್ಲಿ ಬೇಡ ಎಂದಿದ್ದೆ. ಕೊಡೆ ಹಿಡಿದು ಮುಂದೆ ಹೋಗುತ್ತಿದ್ದರು. ನನಗೆ ಏನನ್ನಿಸಿತೋ, ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ. ನೋಡೋಣ, ತಿರುಗಿ ನೋಡುತ್ತಾರೋ ಇಲ್ಲವೋ.

ತಿರುಗಲಿಲ್ಲ. ಅಂಗಡಿಸಾಲು ದಾಟಿದರು. ಕಾರುಗಳು ನಿಲ್ಲುವ ಜಾಗದ ಮೂಲೆಯವರೆಗೆ ಹೋದರು. ಅಲ್ಲಿ ನಿಂತರು. ನನಗೆ ಬೆನ್ನು ಹಾಕಿಕೊಂಡು, ಕೊಡೆ ನೆಟ್ಟಗೆ ಹಿಡಿದುಕೊಂಡು ಸುಮ್ಮನೆ ನಿಂತರು. ನಾನು ಇತ್ತ ನಿಂತೆ, ಅವರು ಅತ್ತ ನಿಂತರು. ಸಿಟಿಗೆ ಹೋಗುವ ಒಂದು ರೈಲು ಬಂದು ಹೋಯಿತು. ಕೊನೆಗೆ ನಾನೇ ಹತ್ತಿರ ಹೋದೆ.

"ತಿರುಗಿ ನೋಡಿದ್ರೆ ಗಂಟೇನು ಹೋಗ್ತಿತ್ತು?"

ಇವರು ಕಥೆ ಹೇಳುವಾಗಿನ ಆ ದನಿಯಲ್ಲಿ ಹೇಳಿದರು.

"ಮದುವೆ ದಿನ ಪುರೋಹಿತರು ಹೇಳಿದ್ರು, ಯಾರಾದ್ರೂ ಬಂದು ಕರೆಯೋವರ್ಗೂ ತಿರುಗಬಾರದು ಅಂತ. ನಡೆದೆ. ಗೇಟ್ ಬಂತು. ಯಾರೂ ಬರ್ಲಿಲ್ಲ. ರೋಡಿಗೆ ಬಂದೆ. ಯಾರೂ ಇಲ್ಲ. ಬಂಕ್ ಹತ್ರ ನಿಂತ್ಕೊಂಡೆ. ಯಾರಿಗೂ ನಾನು ಬೇಡವೇನೋ ಅನ್ನಿಸ್ಬಿಡ್ತು ಕಣೇ. ಎಲ್ಲಿಗೆ ಹೋಗ್ಲಿ ನಾನು? ಕಾಶಿಗಾ? ನಿಂತೇ ಇದ್ದೆ."

"ಮತ್ತೆ ಈಗ? ಆ ಸಂತನ ಹಾಗೆ ಹೋಗ್ಬೇಕು ಅನ್ನಿಸ್ತಿತ್ತಾ?"

"ಒಂದೊಂದ್ಸಲ ಅನ್ನಿಸ್ತಿತ್ತು," ಎಂದರು. "ಹೋದ್ರೆ ಯಾರಿಗೇನು ಅಂತ."

ಎಲ್ಲರೂ ನಕ್ಕಿದ್ದೆವು. ಹೋಗುವವನು ಎಂದು ಮೂರು ವರ್ಷ ಆಡಿಕೊಂಡಿದ್ದೆವು. ಕರೆಯುವವರಿಗಾಗಿ ಪೆಟ್ರೋಲ್ ಬಂಕಿನ ಹತ್ತಿರ ಕಾಯುತ್ತಾ ನಿಂತವನು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಮೆಲ್ಬರ್ನಿನಿಂದ ಇವರು ಎರಡು ಸಲ ಫೋನಿನಲ್ಲಿ ಕೇಳಿದ್ದರು, ಮೂರನೆಯ ಸಲ ನಮ್ಮ ಬಾಗಿಲಲ್ಲೇ ನಿಂತು ಕೇಳಿದ್ದರು. ಮೂರು ಸಲವೂ ನಾನು ಅಪ್ಪನ ಹಾಗೆ ಉಗ್ರಾಣದಲ್ಲಿ ತಟ್ಟೆ ಹುಡುಕುತ್ತಾ ಇದ್ದೆ.

ಆ ಸಂತನ ಹೆಂಡತಿಯ ಬಗ್ಗೆ ಇದ್ದಕ್ಕಿದ್ದಂತೆ ಅಯ್ಯೋ ಎನಿಸಿತು. ಪಾಪ, ಒಂದೇ ಸಾಲಿನವಳು. ಆಂಟಿಯ ಹಾಗೆ ಬಾಗಿಲಿಗೆ ಬಂದು ಕೂಗಲು ಅವಳಿಗೂ ನಾಚಿಕೆಯಾಗಿರಬೇಕು.

"ಸೋಮವಾರ ಬೇಡ ಅನ್ನಿ ಅವರಿಗೆ," ಎಂದೆ. ರಸ್ತೆಯಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿಯೇ ಬಂತು ದನಿ. "ನನಗೆ ನೀವು ಬೇಕು. ನಾನು ಪುಣ್ಯವಂತೆ ಅಲ್ಲ, ನಾನು ಬಿಡಲ್ಲ. ಬನ್ನಿ ಮನೆಗೆ."

ಕೈ ಚಾಚಿದೆ. ಇವರು ಕೊಡೆ ಮಡಿಸಿ ನನ್ನ ಕೈಗೆ ಕೊಟ್ಟರು. ಮಳೆ ಇನ್ನೂ ನಿಂತಿರಲಿಲ್ಲ.